ಬ್ರೇಕಿಗೆ ಬಿಟ್ಟ ಕೊಬ್ಬರಿ ಎಣ್ಣೆ

ನನ್ನ ತಂಗಿ ಸೈಕಲ್ಲಿನಿಂದ ಬಿದ್ದದ್ದು ಅವಳ ಅವಸರದಿಂದ ಎಂದು ಐದು ತಿಂಗಳು ನಮ್ಮವರೆಲ್ಲ ನಂಬಿದ್ದರು. ಅವಳೂ ನಂಬಿದ್ದಳು. ಹಾಗಲ್ಲ ಎಂದು ಗೊತ್ತಿದ್ದವಳು ನಾನೊಬ್ಬಳೇ. ನನಗೆ ಬರೆದು ಅಭ್ಯಾಸವಿಲ್ಲ, ಏಳನೆಯ ತರಗತಿಗೆ ಶಾಲೆ ಬಿಟ್ಟವಳು. ಆದರೆ ಬಾಯಲ್ಲಿ ಹೇಳುವಾಗ ಈ ಸಂಗತಿಯನ್ನು ಪ್ರತಿಸಲವೂ ಸ್ವಲ್ಪ ನನ್ನ ಕಡೆಗೆ ವಾಲಿಸಿಬಿಡುತ್ತೇನೆ. ಬರೆದರೆ ವಾಲಿಸುವುದು ಕಷ್ಟವೇನೋ ಎಂದು ಬರೆಯುತ್ತಿದ್ದೇನೆ.

ಅಪ್ಪನಿಗೆ ದಾವಣಗೆರೆಯ ಬಸ್ ಸ್ಟ್ಯಾಂಡಿನ ಹಿಂದೆ ಬಾಡಿಗೆ ಸೈಕಲ್ ಅಂಗಡಿ ಇತ್ತು. ಹನ್ನೆರಡು ಸೈಕಲ್ಲು, ಒಂದು ಕೈಪಂಪು, ನೀರು ತುಂಬಿಟ್ಟ ಒಂದು ಕಬ್ಬಿಣದ ಬಾಣಲೆ. ಬೆನ್ನುನೋವು ಹೆಚ್ಚಾಗಿ ಅಪ್ಪನಿಗೆ ಕುಕ್ಕರಗಾಲಲ್ಲಿ ಕೂರಲು ಆಗದೆ ಹೋದಾಗ ಅವರ ಜಾಗದಲ್ಲಿ ನಾನು ಕುಳಿತೆ. ಟ್ಯೂಬನ್ನು ಬಾಣಲೆಯಲ್ಲಿ ಮುಳುಗಿಸಿ ಗುಳ್ಳೆ ಏಳುವ ಕಡೆ ಬೆರಳಿಟ್ಟು ಹಿಡಿಯುವುದು, ಉಪ್ಪುಕಾಗದದಲ್ಲಿ ಉಜ್ಜಿ ಸೊಲ್ಯೂಷನ್ ಹಚ್ಚುವುದು, ಕಡ್ಡಿ ಬಿಗಿದು ಚಕ್ರದ ಬೆಂಡು ತೆಗೆಯುವುದು, ಎಲ್ಲ ಕಲಿತೆ. ನನಗಿಂತ ಆರು ವರ್ಷ ಚಿಕ್ಕವಳಾದ ತಂಗಿ ಅಂಗಡಿಯ ಮೂಲೆಯಲ್ಲಿ ಗೋಣಿಚೀಲದ ಮೇಲೆ ಕುಳಿತು ಲೆಕ್ಕ ಬಿಡಿಸುತ್ತಿದ್ದಳು. ಅವಳು ಓದಿದಳು, ಇಂಜಿನಿಯರ್ ಆದಳು. ಅದರಲ್ಲಿ ನನಗೆ ಹೊಟ್ಟೆಕಿಚ್ಚು ಇರಲಿಲ್ಲ ಎಂದು ಬಹಳ ವರ್ಷ ಅಂದುಕೊಂಡಿದ್ದೆ.

ಅಪ್ಪನ ವೈದ್ಯವೆಲ್ಲ ಎಣ್ಣೆಯಲ್ಲಿ. ಪೆಡಲ್ ಕಿರುಗುಟ್ಟಿದರೂ ಎಣ್ಣೆ, ಸೀಟಿನ ಸ್ಪ್ರಿಂಗ್ ಕೂಗಿದರೂ ಎಣ್ಣೆ. ಕ್ಯಾನು ಬರಿದಾದ ದಿನ ಮನೆಯಿಂದ ಕೊಬ್ಬರಿ ಎಣ್ಣೆ ತರಿಸಿ ಅದನ್ನೇ ಬಿಡುತ್ತಿದ್ದರು. ಒಂದು ಜಾಗಕ್ಕೆ ಮಾತ್ರ ಬಿಡುತ್ತಿರಲಿಲ್ಲ. ಬ್ರೇಕಿನ ರಬ್ಬರಿಗೂ ಅದು ಹಿಡಿಯುವ ರಿಮ್ಮಿಗೂ ಎಣ್ಣೆ ತಾಕಬಾರದು. ನಾನೊಮ್ಮೆ ತಾಕಿಸಿದ್ದಕ್ಕೆ ಅಪ್ಪ ಬೆನ್ನಿಗೆ ಒಂದು ಬಿಟ್ಟಿದ್ದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಗೊತ್ತಿರಲಿಲ್ಲ ಎಂದು ತಪ್ಪಿಸಿಕೊಳ್ಳುವ ದಾರಿ ನನಗಿಲ್ಲ.

ತಂಗಿ ಮತ್ತು ಅವಳ ಗಂಡ ಕಂಪನಿ ಕೆಲಸದ ಮೇಲೆ ಟೋಕಿಯೋಗೆ ಬಂದು ಓಜಿಮಾದ ಎತ್ತರದ ವಸತಿ ಕಟ್ಟಡವೊಂದರಲ್ಲಿ ಮನೆ ಮಾಡಿದರು. ನನ್ನ ಯಜಮಾನರು ಅಡುಗೆಯವರು. ಇಲ್ಲಿನ ಒಂದು ಇಂಡಿಯನ್ ಹೋಟೆಲಿಗೆ ಜನ ಬೇಕಾಗಿದ್ದಾರೆ ಎಂದು ವಿಚಾರಿಸಿ ಕರೆಸಿಕೊಂಡವಳೂ ತಂಗಿಯೇ. ನಾವು ನದಿಯ ಈಚೆ, ಫುನಾಬೊರಿಯಲ್ಲಿದ್ದೇವೆ. ನಾನು ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ದಿನಕ್ಕೆ ಐದು ಗಂಟೆ ಚಾದರ ಮಡಚುತ್ತೇನೆ. ವಾರ್ಡ್ ಆಫೀಸಿನ ಕಾಗದ ಬಂದರೆ ತಂಗಿ ಓದಬೇಕು. ಹಲ್ಲುನೋವು ಬಂದರೆ ತಂಗಿ ಜೊತೆಗೆ ಬರಬೇಕು. ಗ್ಯಾಸಿನವನು ಬಾಗಿಲು ತಟ್ಟಿದರೆ ಅವನ ಕೈಗೆ ನನ್ನ ಫೋನ್ ಕೊಟ್ಟು ತಂಗಿಯ ಹತ್ತಿರ ಮಾತಾಡಿಸಬೇಕು. ಏಳು ವರ್ಷದಿಂದ ಹೀಗೇ ನಡೆದಿದೆ. ಅವಳು ಒಮ್ಮೆಯೂ ಬೇಸರ ತೋರಿಸಿದವಳಲ್ಲ. ಬೇಸರ ತೋರಿಸಿದ್ದರೆ ನನಗೆ ಹಗುರವಾಗುತ್ತಿತ್ತು.

ಈ ಊರಿನಲ್ಲಿ ನನಗೆ ಬರುವ, ಅವಳಿಗೆ ಬಾರದ ಒಂದೇ ವಿದ್ಯೆ ಸೈಕಲ್ಲಿನದು. ಅವಳ ಸೈಕಲ್ಲು ಮುಂದೆ ಬುಟ್ಟಿ, ಹಿಂದೆ ಮಗುವಿನ ಸೀಟು ಇರುವಂಥದ್ದು. ಇಲ್ಲಿ ಮಕ್ಕಳಿರುವ ಹೆಂಗಸರೆಲ್ಲ ಓಡಿಸುವುದು ಅದನ್ನೇ, ಹೆಸರು ಮಾಮಾಚಾರಿ. ಯಾವೂರ ಆಚಾರಿ ಅವನು ಎಂದು ನನ್ನ ಯಜಮಾನರು ಈಗಲೂ ಕೇಳುತ್ತಾರೆ. ಅದರ ಪಂಕ್ಚರ್, ಗಾಳಿ, ಸೀಟಿನ ಎತ್ತರ, ಗಂಟೆ, ಲೈಟು ಎಲ್ಲ ನನ್ನ ಕೈಯಲ್ಲೇ ಆಗುತ್ತಿತ್ತು. ನಮ್ಮ ಓಣಿಯ ತುದಿಯಲ್ಲೇ ಒಬ್ಬ ಮುದುಕರ ಸೈಕಲ್ ಅಂಗಡಿಯಿದೆ. ಅದರ ಮುಂದೆಯೇ ತಂಗಿಯ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ನಮ್ಮ ಮೆಟ್ಟಿಲ ಕೆಳಗೆ ನಾನೇ ಬಿಚ್ಚುತ್ತಿದ್ದೆ. ಬೇಕೆಂದೇ ಆ ಕಡೆಯಿಂದ ಹೋಗುತ್ತಿದ್ದೆನೇನೋ.

ತಂಗಿಯ ಮಗಳಿಗೆ ಆಗ ಐದು ವರ್ಷ. ನಾವು ಕನ್ನಡದಲ್ಲಿ ಹೇಳಿದ್ದೆಲ್ಲ ಅವಳಿಗೆ ತಿಳಿಯುತ್ತದೆ, ಉತ್ತರ ಕೊಡುವುದು ಜಪಾನಿಯಲ್ಲಿ. ಅವಳಿಗೆ ಎರಡೂವರೆ ವರ್ಷವಿದ್ದಾಗ ನಾನು ಏನೇ ಎತ್ತಿಕೊಂಡರೂ "ನಂದೆ? ನಂದೆ?" ಎನ್ನುತ್ತಿದ್ದಳು. ನಿಂದೇ ಕಂದ, ಯಾರೂ ಕಿತ್ತುಕೊಳ್ಳಲ್ಲ ಎಂದು ನಾನು ಚಮಚ, ಬಾಚಣಿಗೆ ಎಲ್ಲ ಅವಳ ಕೈಗೇ ಕೊಡುತ್ತಿದ್ದೆ. ಒಂದು ದಿನ ತಂಗಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಜಪಾನಿಯಲ್ಲಿ ಆ ಮಾತಿಗೆ ಯಾಕೆ ಎಂದು ಅರ್ಥವಂತೆ. ಮಗು ಯಾಕೆ, ಯಾಕೆ ಎಂದು ಕೇಳುತ್ತಿತ್ತು, ನಾನು ನಿಂದೇ, ನಿಂದೇ ಎನ್ನುತ್ತಿದ್ದೆ. ಆಮೇಲೆ ಅದು ನಮ್ಮ ಮನೆಯ ತಮಾಷೆಯಾಯಿತು.

ಹೋದ ಫೆಬ್ರವರಿಯಲ್ಲಿ ತಂಗಿಯ ಸೈಕಲ್ಲಿನ ಹಿಂದಿನ ಬ್ರೇಕು ಕೂಗಲು ಶುರುಮಾಡಿತು. ಹಂದಿ ಹಿಡಿದಾಗಿನ ಕೂಗು. ಹಿಡಿತ ಚೆನ್ನಾಗಿಯೇ ಇತ್ತು, ಸದ್ದು ಮಾತ್ರ ಹಿಂಸೆ. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಅವಳ ಮಹಡಿಯ ಅಜ್ಜಿಯೊಬ್ಬರು ಬಹಳ ವಿನಯದಿಂದ, ನಿಮ್ಮ ಸೈಕಲ್ಲು ತುಂಬಾ ಉತ್ಸಾಹದಲ್ಲಿದೆಯಲ್ಲ ಎಂದರಂತೆ. ಇಲ್ಲಿ ದೂರು ಹೇಳುವುದು ಹೀಗೆ. ತಂಗಿ ಸುಮಿಮಾಸೆನ್ ಸುಮಿಮಾಸೆನ್ ಎಂದು ಬಗ್ಗಿ ಕ್ಷಮೆ ಕೇಳಿ ಬಂದು, ಮಾರನೆಯ ದಿನದಿಂದ ಕಟ್ಟಡದ ಹತ್ತಿರ ಬಂದಾಗ ಬ್ರೇಕು ಹಿಡಿಯದೆ ಇಳಿದು ತಳ್ಳತೊಡಗಿದಳು. ಆ ಭಾನುವಾರ ಸೈಕಲ್ಲನ್ನು ನಮ್ಮ ಮನೆಗೆ ತಂದಳು.

"ಅಕ್ಕ, ಇದು ಬ್ರೇಕ್ ವಿಷಯ. ಅಂಗಡೀಲಿ ಒಂದ್ಸಲ ತೋರಿಸ್ಲಾ?" ಎಂದು ಕೇಳಿದಳು.

"ಸೈಕಲ್ ಅಂಗಡಿಯವರ ಮಗಳು ಎಣ್ಣೆ ಬಿಡಿಸೋಕೆ ಇನ್ನೊಂದು ಅಂಗಡಿಗೆ ಹೋದ್ಲು ಅಂದ್ರೆ ಅಪ್ಪ ಫೋಟೋದಿಂದ ಇಳಿದು ಬರ್ತಾರೆ" ಎಂದೆ ನಾನು. ಅವಳು ನಕ್ಕು ಒಳಗೆ ಕಾಫಿ ಮಾಡಲು ಹೋದಳು.

ಈ ಸೈಕಲ್ಲುಗಳ ಹಿಂದಿನ ಚಕ್ರದ ನಡುವೆ, ಎಡಗಡೆ, ತಟ್ಟೆಯಂಥ ಒಂದು ತಗಡಿನ ಡಬ್ಬಿ ಇರುತ್ತದೆ. ನಮ್ಮೂರ ಸೈಕಲ್ಲುಗಳಲ್ಲಿ ಅದಿರಲಿಲ್ಲ. ಸದ್ದು ಬರುತ್ತಿದ್ದುದು ಅದರೊಳಗಿನಿಂದ. ಬಿಚ್ಚೋಣವೆಂದರೆ ನನ್ನ ಸ್ಪ್ಯಾನರಿಗೆ ನಟ್ಟು ಅಲುಗಲಿಲ್ಲ. ಒಳಗೆ ಹಲ್ಲಿನ ಚಕ್ರವೋ ಗುಂಡೋ ಒಣಗಿರಬೇಕು ಎಂದುಕೊಂಡೆ. ಬ್ರೇಕಿನ ತಂತಿ ಹೋಗಿ ಸೇರುತ್ತಿದ್ದುದು ಆ ಡಬ್ಬಿಗೇ. ಅದನ್ನು ನಾನು ನೋಡಿದೆ. ನೋಡಿ, ಒಂದು ಗಳಿಗೆ ಕೈ ನಿಂತಿತು. ಇಪ್ಪತ್ತು ಹೆಜ್ಜೆ ನಡೆದು ಆ ಮುದುಕರಿಗೆ ಬೆರಳು ಮಾಡಿ ತೋರಿಸಿದ್ದರೆ ಆಗುತ್ತಿತ್ತು. ಆದರೆ ಒಳಗೆ ತಂಗಿ ಕಾಫಿ ಮಾಡುತ್ತಿದ್ದಳು, ನಾನು ಗೊತ್ತಿದ್ದವಳ ಹಾಗೆ ಮಾತಾಡಿ ಆಗಿತ್ತು.

ಮಿಷನ್ ಎಣ್ಣೆ ಮನೆಯಲ್ಲಿರಲಿಲ್ಲ. ಇಲ್ಲಿನ ಚಳಿಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಬೆಣ್ಣೆಯಂತೆ ಕಟ್ಟಿಕೊಂಡಿರುತ್ತದೆ. ತಲೆಗೆ ಹಚ್ಚಲು ದಿನಾ ಮಾಡುವ ಹಾಗೆ ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿದೆ. ಡಬ್ಬಿಯ ಸಂದಿನಲ್ಲಿ ಎರಡು ಚಮಚ ಬಿಟ್ಟೆ. ಚಕ್ರ ತಿರುಗಿಸಿದೆ. ಸದ್ದು ನಿಂತುಹೋಯಿತು. ಓಣಿಯ ಉದ್ದಕ್ಕೂ ಓಡಿಸಿ ಬ್ರೇಕು ಹಿಡಿದು ನೋಡಿದೆ, ನಿಂತಿತು. ಸ್ವಲ್ಪ ಮೃದುವಾಗಿ ನಿಂತಿತು. ತಂಗಿ ಮೇಲಿನಿಂದ ನೋಡಿ ಎರಡೂ ಕೈ ಎತ್ತಿ ಮುಗಿದಳು. ಆ ವಾರವೆಲ್ಲ ನಾನು ಖುಷಿಯಾಗಿದ್ದೆ.

ಓಜಿಮಾ, ಫುನಾಬೊರಿ ಎಲ್ಲ ಮಟ್ಟಸ ನೆಲ. ಇಲ್ಲಿ ಇಳಿಜಾರು ಎಂದರೆ ಸೇತುವೆ ಮಾತ್ರ. ಆರು ದಿನ ತಂಗಿ ಮಟ್ಟಸ ರಸ್ತೆಯಲ್ಲಿ ಶಿಶುವಿಹಾರಕ್ಕೂ ಸ್ಟೇಷನ್ನಿಗೂ ಓಡಾಡಿದಳು. ಚಳಿಗೆ ಎಣ್ಣೆ ಒಳಗೆ ಗಟ್ಟಿಯಾಗಿ ಕೂತಿದ್ದಿರಬೇಕು. ಏಳನೆಯ ದಿನ, ಭಾನುವಾರ ಮಧ್ಯಾಹ್ನ, ಮಗುವನ್ನು ಹಿಂದೆ ಕೂರಿಸಿಕೊಂಡು ಅರಾಕಾವಾ ನದಿಯ ದೊಡ್ಡ ಸೇತುವೆ ದಾಟಿ ನಮ್ಮ ಮನೆಗೆ ಊಟಕ್ಕೆ ಹೊರಟಳು. ಈಚೆಯ ಇಳಿಜಾರು ಉದ್ದ. ಅಪ್ಪ ಚಿಕ್ಕಂದಿನಲ್ಲಿ ಕಲಿಸಿದ ಹಾಗೆ ಮುಂದಿನ ಬ್ರೇಕು ಮುಟ್ಟದೆ ಹಿಂದಿನದನ್ನೇ ಹಿಡಿದುಕೊಂಡು ಇಳಿದಳು. ಹಿಡಿದಷ್ಟೂ ಡಬ್ಬಿ ಬಿಸಿಯಾಯಿತು. ಬಿಸಿಯಾದ ಮೇಲೆ ಒಳಗಿನ ಎಣ್ಣೆ ಏನಾಗುತ್ತದೆ ಎನ್ನುವುದಕ್ಕೆ ಶಾಲೆಯ ಓದು ಬೇಕಾಗಿಲ್ಲ.

ಫೋನ್ ಬಂದು ನಾನು ಓಡಿಹೋದಾಗ ತಂಗಿ ಇಳಿಜಾರಿನ ಬುಡದಲ್ಲಿ ಕಬ್ಬಿಣದ ಬೇಲಿಗೆ ಒರಗಿ ಕುಳಿತಿದ್ದಳು. ಎಡಗೈ ಮಣಿಕಟ್ಟು ನೋಡುವಂತಿರಲಿಲ್ಲ. ಸೀಟಿನ ಬೆಲ್ಟು, ಹೆಲ್ಮೆಟ್ಟು ಇದ್ದುದರಿಂದ ಮಗುವಿಗೆ ಮೊಣಕೈ ತರಚಿತ್ತು ಅಷ್ಟೆ. ಆದರೆ ಅದು ಅಳುತ್ತಿರಲಿಲ್ಲ, ಮಾತೂ ಆಡುತ್ತಿರಲಿಲ್ಲ. ಯಾರೋ ದಾರಿಹೋಕರು ಸೈಕಲ್ಲನ್ನು ಎತ್ತಿ, ಸ್ಟ್ಯಾಂಡ್ ಹಾಕಿ, ಬಿದ್ದ ಒಂದು ಚಪ್ಪಲಿಯನ್ನು ಬುಟ್ಟಿಯಲ್ಲಿ ನೀಟಾಗಿ ಇಟ್ಟಿದ್ದರು. ಅದರ ಹತ್ತಿರ ಹೋದೆ. ಒಗ್ಗರಣೆಗೆ ಕಾಯಿಸಿದ ಕೊಬ್ಬರಿ ಎಣ್ಣೆಯ ವಾಸನೆ ಬಂತು. ಆ ಕ್ಷಣವೇ ನನಗೆ ಎಲ್ಲ ಗೊತ್ತಾಯಿತು.

ಆಸ್ಪತ್ರೆಯಲ್ಲಿ ಕೈಗೆ ಪಟ್ಟಿ ಹಾಕಿಸಿಕೊಂಡು ಬಂದ ತಂಗಿ, "ಬ್ರೇಕ್ ಹಿಡಿದೆ ಅಕ್ಕ. ಹಿಡೀಲಿಲ್ವೋ, ನಾನೇ ಲೇಟಾಗಿ ಹಿಡಿದ್ನೋ, ಗೊತ್ತಾಗ್ತಿಲ್ಲ" ಎಂದಳು. ಹೇಳಬೇಕಾದ ಸಮಯ ಅದೇ. ನಾನು ಹೇಳಿದ್ದು ಬೇರೆ.

"ನಿಧಾನಕ್ಕೆ ಬರಬೇಕಿತ್ತು ಕಣೇ. ಹಿಂದೆ ಮಗು ಇದೆ ಅಂತ ನೆನಪಿರಬೇಡ್ವಾ?"

ಅವಳು ತಲೆ ತಗ್ಗಿಸಿದಳು.

ಸೈಕಲ್ಲು ನಮ್ಮ ಮನೆಯಲ್ಲೇ ಉಳಿಯಿತು. ಬೇರೆ ಯಾರಾದರೂ ಬಿಚ್ಚಿ ನೋಡುವ ಮೊದಲು ಸರಿಮಾಡಿಸಿಬಿಡಬೇಕೆಂದು ಮಾರನೆಯ ದಿನ ಅದನ್ನು ಓಣಿಯ ಮುದುಕರ ಅಂಗಡಿಗೆ ತಳ್ಳಿಕೊಂಡು ಹೋದೆ. ಏಳು ವರ್ಷದಲ್ಲಿ ಆ ಹೊಸ್ತಿಲು ದಾಟಿದ್ದು ಅದೇ ಮೊದಲು. ಅವರು ಏನೋ ಒಂದು ವಿಶೇಷ ಸಲಕರಣೆ ಹಾಕಿ ಡಬ್ಬಿಯನ್ನು ಎರಡೇ ನಿಮಿಷದಲ್ಲಿ ಎಳೆದು ತೆಗೆದರು. ಒಳಗೆ ಹಲ್ಲಿನ ಚಕ್ರವೂ ಇರಲಿಲ್ಲ, ಗುಂಡೂ ಇರಲಿಲ್ಲ. ಒಂದು ಪಟ್ಟಿ ಸುತ್ತ ಬಿಗಿದುಕೊಂಡು ಚಕ್ರವನ್ನು ಹಿಡಿಯುತ್ತದೆ. ಬ್ರೇಕು ಎಂದರೆ ಅದೇ. ನಮ್ಮೂರ ಸೈಕಲ್ಲಿನ ರಬ್ಬರು ಮಾಡುವ ಕೆಲಸವನ್ನು ಇಲ್ಲಿ ಅದು ಮಾಡುತ್ತದೆ. ಪಟ್ಟಿ ಎಣ್ಣೆ ಕುಡಿದು ಕಪ್ಪಗಾಗಿತ್ತು.

ಮುದುಕರು ಬೆರಳಲ್ಲಿ ಒರೆಸಿ ಮೂಸಿದರು. ಅರ್ಥವಾಗದೆ ಮತ್ತೊಮ್ಮೆ ಮೂಸಿದರು. ಆಮೇಲೆ ನನ್ನ ಕಡೆ ನೋಡಿದರು. ನಾನು ಬೆಳಿಗ್ಗೆ ಅದೇ ಬಾಟಲಿಯ ಎಣ್ಣೆ ಹಚ್ಚಿ ಜಡೆ ಹಾಕಿದ್ದೆ. ಅಬುರಾ ಎಂದರೆ ಎಣ್ಣೆ, ಅಷ್ಟು ನನಗೆ ಗೊತ್ತು. ಎಣ್ಣೆ ಯಾರು ಹಾಕಿದರು ಎಂದು ಅವರು ಕೇಳಿದ್ದೂ ಗೊತ್ತಾಯಿತು.

"ವಕರಿಮಾಸೆನ್" ಎಂದೆ.

ಇಲ್ಲಿ ನನಗೆ ಗೊತ್ತಿಲ್ಲ ಎನ್ನುವುದಕ್ಕೂ ನನಗೆ ಅರ್ಥವಾಗಲಿಲ್ಲ ಎನ್ನುವುದಕ್ಕೂ ಒಂದೇ ಮಾತು. ಏಳು ವರ್ಷ ಬ್ಯಾಂಕು, ಅಂಚೆ, ಕಾರ್ಖಾನೆ ಎಲ್ಲ ಕಡೆ ಆ ಮಾತನ್ನು ನಿಜವಾಗಿಯೇ ಆಡಿದ್ದೆ. ಆ ದಿನ ಅದರ ಹಿಂದೆ ಅಡಗಿಕೊಂಡೆ. ಪಾಪ, ಅವರು ಭಾಷೆ ಅರ್ಥವಾಗಲಿಲ್ಲವೆಂದೇ ತಿಳಿದರು. ಒಂದು ಕಾಗದ ತೆಗೆದು ಸೈಕಲ್ಲಿನ ಚಿತ್ರ ಬರೆದರು. ಡಬ್ಬಿಯ ಜಾಗಕ್ಕೆ ಬಾಣ ಹಾಕಿ, ಪಕ್ಕದಲ್ಲಿ ಎಣ್ಣೆಯ ಹನಿ ಬರೆದು, ಹನಿಯ ಮೇಲೆ ದೊಡ್ಡದಾಗಿ ಅಡ್ಡಗೆರೆ ಎಳೆದರು. ಕೆಳಗೆ ಮಕ್ಕಳು ಓದುವಂಥ ದೊಡ್ಡ ಅಕ್ಷರದಲ್ಲಿ ಏನೋ ಬರೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನಾನು ಬಗ್ಗಿ ತೆಗೆದುಕೊಂಡೆ. ಹೊಸ ಪಟ್ಟಿ ಹಾಕಿ ಚಕ್ರದ ಬೆಂಡು ತೆಗೆದುಕೊಟ್ಟರು. ಕಾಗದವನ್ನು ಮಡಚಿ ಪರ್ಸಿನಲ್ಲಿಟ್ಟೆ. ಪರ್ಸು ತೆರೆದಾಗಲೆಲ್ಲ ಅದರ ಅಂಚು ಬೆರಳಿಗೆ ತಾಕುತ್ತಿತ್ತು.

ತಂಗಿಯ ಕೈ ಏಪ್ರಿಲ್ ಹೊತ್ತಿಗೆ ಕೂಡಿಕೊಂಡಿತು. ಮಗು ಮಾತ್ರ ಅಮ್ಮನ ಹಿಂದೆ ಕೂರಲು ಒಪ್ಪಲಿಲ್ಲ. ಸೀಟಿನ ಹತ್ತಿರ ಒಯ್ದರೆ ಮೈ ಸೆಟೆಸಿಕೊಂಡು, ಮಮ್ಮಾ ಬೇಡ, ನಡೆದೇ ಹೋಗ್ತೀನಿ ಎಂದು ಜಪಾನಿಯಲ್ಲಿ ಹಠ ಮಾಡುತ್ತಿತ್ತು. ತನ್ನ ಅಪ್ಪನ ಹಿಂದಾದರೆ ಕೂರುತ್ತಿತ್ತು. ಅವರು ಬೆಳಗಿನ ಆರೂವರೆಗೇ ಆಫೀಸಿಗೆ ಹೊರಡುವವರು. ಹೀಗಾಗಿ ತಂಗಿ ದಿನಾ ಮಗುವಿನ ಕೈ ಹಿಡಿದು ಅರ್ಧ ಗಂಟೆ ನಡೆದು ಶಿಶುವಿಹಾರಕ್ಕೆ ಬಿಟ್ಟು, ಅಲ್ಲಿಂದ ಸ್ಟೇಷನ್ನಿಗೆ ಓಡುತ್ತಿದ್ದಳು. ಸಂಜೆ ಮತ್ತೆ ಅದೇ. ಅವಳ ಕಣ್ಣ ಕೆಳಗೆ ಕಪ್ಪಾಯಿತು. ನಾನು ಫೋನ್ ಮಾಡಿದರೆ ಅರ್ಧ ಮಾತಿಗೆ ಸುಮ್ಮನಾಗುತ್ತಿದ್ದಳು. ಅವಳ ಗಂಡ ಒಳ್ಳೆಯವರು, ಜಗಳದವರಲ್ಲ. ಒಂದು ದಿನ ನನ್ನ ಹತ್ತಿರ, "ಅಕ್ಕ, ಅವಳಿಗೆ ನೀವೇ ಸ್ವಲ್ಪ ಹೇಳಿ. ಎಲ್ಲದಕ್ಕೂ ಅವಸರ ಮಾಡ್ತಾಳೆ. ನಾನು ಹೇಳಿದ್ರೆ ಬೇಜಾರಾಗ್ತಾಳೆ" ಎಂದರು. ಹೇಳ್ತೀನಿ ಎಂದೆ. ಹೇಳಿಯೂ ಹೇಳಿದೆ, ಎರಡು ಸಲ. ಎರಡು ಸಲವೂ ತಂಗಿ ಹೂಂ ಎಂದಳು. ನನ್ನ ಪಾಪದಲ್ಲಿ ಎಣ್ಣೆಗಿಂತ ಆ ಎರಡು ಸಲವೇ ದೊಡ್ಡದು.

ಜುಲೈಯಲ್ಲಿ ಒಂದು ಶುಕ್ರವಾರ ಸಂಜೆ ಅವರ ಮನೆಗೆ ಹೋದೆ. ಕೆಳಗೆ ಸೈಕಲ್ಲುಗಳ ಸಾಲಿನಲ್ಲಿ ತಂಗಿಯ ಸೈಕಲ್ಲಿನ ಮೇಲೆ ಒಂದು ಚೀಟಿ ಅಂಟಿಸಿತ್ತು. ಇಲ್ಲಿ ದೊಡ್ಡ ಸಾಮಾನು ಬಿಸಾಡಬೇಕಾದರೆ ಅಂಥ ಚೀಟಿ ತಂದು ಅಂಟಿಸಿಡಬೇಕು, ಹೇಳಿದ ದಿನ ಗಾಡಿ ಬಂದು ಒಯ್ಯುತ್ತದೆ. ಮೇಲೆ ಹೋಗಿ ಕೇಳಿದರೆ, ನಾಳೆ ಬೆಳಿಗ್ಗೆ ಒಯ್ಯುತ್ತಾರೆ ಎಂದಳು. ಪಾತ್ರೆ ತೊಳೆಯುತ್ತಿದ್ದಳು, ತಿರುಗಲಿಲ್ಲ. ಮಗು ಅಳುಕುವುದನ್ನು ನೋಡಿ ನೋಡಿ ನನಗೇ ನನ್ನ ಮೇಲೆ ನಂಬಿಕೆ ಹೋಗಿದೆ ಅಕ್ಕ, ಇನ್ನು ಓಡಿಸೋದಿಲ್ಲ ಎಂದಳು.

ಮಗು ಮೇಜಿನ ಹತ್ತಿರ ಬಣ್ಣ ಹಚ್ಚುತ್ತಿತ್ತು. ನಾನು ಅದರ ಪಕ್ಕ ಕುಳಿತು ಪರ್ಸು ತೆರೆದೆ. ಕಾಗದವನ್ನು ಬಿಡಿಸಿ ಮಗುವಿನ ಮುಂದಿಟ್ಟೆ. ತಂಗಿಗೆ ನೇರವಾಗಿ ಹೇಳಲು ಧೈರ್ಯ ಸಾಲದೆ ಹಾಗೆ ಮಾಡಿದೆ, ಬೇರೇನೂ ಅಲ್ಲ. ಮಗುವಿಗೆ ಆಗ ತಾನೇ ಅಕ್ಷರ ಬಂದಿತ್ತು. ಬೆರಳಿಟ್ಟು ಓದಿತು.

"ಅ-ಬು-ರಾ, ದಾ-ಮೆ." ಎಣ್ಣೆ ಕೂಡದು.

ತಂಗಿ ನಲ್ಲಿ ನಿಲ್ಲಿಸಿದಳು. ಮಗು ಚಿತ್ರವನ್ನು ನೋಡಿತು, ಅಮ್ಮನ ಸೈಕಲ್ಲು ಎಂದು ಗುರುತು ಹಿಡಿಯಿತು, ನನ್ನ ಮುಖ ನೋಡಿತು.

"ನಂದೆ?"

ಯಾಕೆ ಎಂದು ಕೇಳಿದ್ದು. ನನಗೆ ಕೇಳಿಸಿದ್ದು ನಮ್ಮ ಮಾತು.

"ಹೂಂ ಕಂದ, ನಂದೇ. ತಪ್ಪು ನಂದೇ. ಆ ಡಬ್ಬೀಲಿ ಎಣ್ಣೆ ಬಿಟ್ಟಿದ್ದು ದೊಡ್ಡಮ್ಮ. ಅದಕ್ಕೇ ಬ್ರೇಕ್ ಹಿಡೀಲಿಲ್ಲ. ಅಮ್ಮ ಸರಿಯಾಗೇ ಹಿಡಿದಿದ್ಲು."

ಮಗು ಬಣ್ಣದ ಕಡ್ಡಿ ಕೆಳಗಿಟ್ಟಿತು. ಆಮೇಲೆ ಕುರ್ಚಿಯಿಂದ ಇಳಿದು ಅಮ್ಮನ ಹತ್ತಿರ ಹೋಗಿ ಅವಳ ಒದ್ದೆ ಕೈ ಹಿಡಿದುಕೊಂಡು ಜಪಾನಿಯಲ್ಲಿ ಏನೋ ಹೇಳಿತು. ಅದು ನನಗೆ ಅರ್ಥವಾಗಲಿಲ್ಲ. ತಂಗಿ ಅದನ್ನು ನನಗೆ ಹೇಳಲಿಲ್ಲ. ಬಹಳ ದಿನದ ಮೇಲೆ ಅವಳ ಗಂಡ ಹೇಳಿದರು, ಮಮ್ಮಾದು ತಪ್ಪಲ್ಲ ಎಂದಿತಂತೆ.

ತಂಗಿ ಕೈ ಒರೆಸಿಕೊಂಡು ಬಂದು ಎದುರಿಗೆ ಕುಳಿತಳು. ಯಾವಾಗ ಗೊತ್ತಾಯಿತು ಎಂದು ಕೇಳಿದಳು. ಬಿದ್ದ ದಿನವೇ ಎಂದೆ. ಅಂಗಡಿಯ ವಿಷಯವನ್ನೂ ವಕರಿಮಾಸೆನ್ ಅಂದದ್ದನ್ನೂ ಹೇಳಿದೆ. ಅವಳು ಕಾಗದವನ್ನೇ ನೋಡುತ್ತಿದ್ದಳು.

"ಎಣ್ಣೆ ಬಿಟ್ಟಿದ್ದು ಬಿಡು ಅಕ್ಕ, ಗೊತ್ತಿಲ್ದೆ ಆಯ್ತು. ನಿಧಾನಕ್ಕೆ ಬರಬೇಕಿತ್ತು ಅಂದ್ಯಲ್ಲ. ಅದನ್ನ ನೀನು ಹೇಳಬಾರದಿತ್ತು."

ನಾನು ಕಾಗದವನ್ನು ಮಡಚಿ ಪರ್ಸಿನಲ್ಲಿಟ್ಟು ಎದ್ದೆ. ಅವಳು ಊಟ ಮಾಡಿಕೊಂಡು ಹೋಗು ಎಂದೂ ಹೇಳಲಿಲ್ಲ. ಕೆಳಗೆ ಇಳಿದು ಬಂದಾಗ ಆ ಚೀಟಿಯನ್ನು ಕಿತ್ತುಹಾಕೋಣವೆಂದು ಕೈಯಿಟ್ಟು ಹಾಗೇ ಬಿಟ್ಟೆ. ಇನ್ನು ಆ ಸೈಕಲ್ಲಿಗೆ ಕೇಳದೆ ಕೈ ಹಾಕಬಾರದು ಅನ್ನಿಸಿತು.

ಚೀಟಿಯನ್ನು ಅವಳೇ ಕಿತ್ತಳು. ಪೂರ್ತಿ ಬರಲಿಲ್ಲ, ಅರ್ಧ ಇನ್ನೂ ಹ್ಯಾಂಡಲಿನ ಕೆಳಗೆ ಅಂಟಿಕೊಂಡಿದೆ. ಮೊದಲ ವಾರ ಮಗುವನ್ನು ಕೂರಿಸಿ ತಳ್ಳಿಕೊಂಡೇ ಹೋದಳಂತೆ, ಆಮೇಲೆ ಹತ್ತಿದಳಂತೆ. ಎಲ್ಲ ಅಂತೆ ಅಂತೆ. ನನಗೆ ಅವಳ ಫೋನ್ ಕಡಿಮೆಯಾಯಿತು. ಸೈಕಲ್ಲಿಗೆ ಗಾಳಿ ಹಾಕಿಸುವುದಕ್ಕೂ ಅವಳೀಗ ಅಂಗಡಿಗೇ ಹೋಗುತ್ತಾಳೆ. ಗಾಳಿ ಹಾಕಲು ಬರುತ್ತದೆ ನನಗೆ, ಅದೊಂದಾದರೂ ಬಿಡಬಹುದಿತ್ತು ಅನ್ನಿಸುತ್ತದೆ. ಆದರೆ ಅದನ್ನು ಕೇಳುವ ಮುಖ ನನಗಿಲ್ಲ.

ನಾನೂ ಓಣಿಯ ಮುದುಕರ ಅಂಗಡಿಗೆ ಹೋದೆ. ಆ ಕಾಗದ ತೋರಿಸಿ, ಎದೆಯ ಮೇಲೆ ಬೆರಳಿಟ್ಟು, ಅಬುರಾ, ನಾನು ಎಂದೆ. ಅವರು ತಲೆಯಾಡಿಸಿದರು. ಅವರಿಗೆ ಆವತ್ತೇ ಗೊತ್ತಿತ್ತೋ ಏನೋ, ಮುಖದಿಂದ ತಿಳಿಯಲಿಲ್ಲ. ಯಾವುದನ್ನು ಮನೆಯಲ್ಲಿ ಮಾಡಿಕೊಳ್ಳಬಹುದು, ಯಾವುದನ್ನು ಅಂಗಡಿಗೆ ತರಬೇಕು ಎಂದು ಸನ್ನೆಯಲ್ಲೇ ಕೇಳಿದೆ. ಕಾಗದದ ಹಿಂಬದಿಯಲ್ಲಿ ಒಂದೊಂದೇ ಚಿತ್ರ ಬರೆದು ಗುರುತು ಹಾಕಿಕೊಟ್ಟರು. ಗಾಳಿಗೆ ಸೊನ್ನೆ, ಪಂಕ್ಚರಿಗೆ ಸೊನ್ನೆ, ಚೈನಿಗೆ ಸೊನ್ನೆ. ಈ ಊರಿನಲ್ಲಿ ಸೊನ್ನೆಯೆಂದರೆ ಸರಿ ಎಂದು, ಅದಕ್ಕೆ ಮಾರು ಅನ್ನುತ್ತಾರೆ. ಬ್ರೇಕಿಗೆ ಅಡ್ಡಗೆರೆ. ಅದನ್ನು ಎರಡು ಸಲ ತಿದ್ದಿದರು. ಅಪ್ಪನ ಅಂಗಡಿಯಲ್ಲಿ ನನಗೆ ಯಾರೂ ಹೀಗೆ ಬರೆದುಕೊಟ್ಟಿರಲಿಲ್ಲ. ಅಡುಗೆಮನೆಯ ಗೋಡೆಗೆ ಅಂಟಿಸಿದ್ದೇನೆ.

ಮೊನ್ನೆ ಬುಧವಾರ ರಜೆಯಿತ್ತು. ಸಂಜೆ ತಂಗಿ ಮಗುವನ್ನು ಕೂರಿಸಿಕೊಂಡು ಯಾರದೋ ಮನೆಯಿಂದ ವಾಪಸ್ಸು ಹೋಗುತ್ತಿರುವಾಗ ನಮ್ಮ ಓಣಿಯಲ್ಲೇ ಚೈನು ಬಿತ್ತು. ಬುಧವಾರ ಮುದುಕರ ಅಂಗಡಿಗೂ ರಜೆ. ಕಿಟಕಿಯಿಂದ ನೋಡಿದೆ. ಅವಳು ಮುಚ್ಚಿದ ಬಾಗಿಲ ಮುಂದೆ ನಿಂತು ಫೋನ್ ನೋಡುತ್ತಿದ್ದಳು. ನಾನಾಗಿ ಇಳಿಯಲಿಲ್ಲ. ಕೊನೆಗೆ ಅವಳೇ ತಳ್ಳಿಕೊಂಡು ಬಂದು ಮೆಟ್ಟಿಲ ಕೆಳಗಿನಿಂದ, "ಅಕ್ಕ, ಚೈನ್ ಹಾಕೋಕೆ ಬರುತ್ತಲ್ಲ ನಿಂಗೆ" ಎಂದಳು.

ಈ ಸೈಕಲ್ಲುಗಳ ಚೈನಿಗೆ ಪೂರಾ ಮುಚ್ಚಳವಿರುತ್ತದೆ. ಅದನ್ನು ಬಿಚ್ಚಿ ಕೂರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಕುಕ್ಕರಗಾಲಲ್ಲಿ ಕೂತರೆ ಈಗ ನನಗೂ ಬೆನ್ನು ಹಿಡಿಯುತ್ತದೆ. ತಂಗಿ ಹಿಂದಿನಿಂದ ಸೈಕಲ್ಲನ್ನು ಹಿಡಿದುಕೊಂಡು ನಿಂತಿದ್ದಳು. ಮಗು ಹೆಲ್ಮೆಟ್ಟು ತೆಗೆಯದೆ ನನ್ನ ಕೈಯನ್ನೇ ಕಾವಲು ಕಾಯುತ್ತಿತ್ತು. ಅದರ ಅಪ್ಪ ನಮ್ಮಲ್ಲಿಗೆ ಕರೆತಂದಾಗಲೆಲ್ಲ ನೋಡಿ ನೋಡಿ ನಮ್ಮ ಗೋಡೆಯ ಕಾಗದ ಅದಕ್ಕೆ ಬಾಯಿಪಾಠ.

"ದೊಡ್ಡಮ್ಮ, ಚೈನ್ ಮಾರು?" ಎಂದು ಕೇಳಿತು.

"ಮಾರು ಕಣೇ" ಎಂದಳು ತಂಗಿ, ನನಗಿಂತ ಮೊದಲು.